ಕರ್ಚಿಕಾಯಿಯೊಳಗಿನ ಗಸಗಸಿ

ದುಬೈಗೆ ಹೊರಟವರಿಗೆ ವೀಸಾ, ಟಿಕೆಟ್, ರೂಮ್ ಬಾಡಿಗೆ ಬಗ್ಗೆ ಹೇಳೋರು ಬಹಳ ಮಂದಿ. ಗಸಗಸಿ ಬಗ್ಗೆ ಹೇಳೋರು ಕಡಿಮೆ. ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಕರ್ಚಿಕಾಯಿಗೂ ಅದು ಬೇಕು, ಅಂಟಿನುಂಡಿಗೂ ಬೇಕು. ಅದೇ ಗಸಗಸಿ ಯುಎಇಯಲ್ಲಿ ನಿಷಿದ್ಧ, ಅದೂ ಮಾದಕವಸ್ತುವಿನ ಲೆಕ್ಕದಲ್ಲಿ. ಸೌದಿಯಲ್ಲೂ ಹಾಗೇ. ಸಿಂಗಪುರದಲ್ಲೂ ಸುಮ್ಮನೆ ಒಳಗೆ ಬಿಡೋದಿಲ್ಲ.

ಗಸಗಸಿ ಬರೋದು ಅಫೀಮು ಗಿಡದಿಂದ. ಮಧ್ಯಪ್ರದೇಶ, ರಾಜಸ್ಥಾನದ ಕಡೆ ಸರ್ಕಾರದ ಲೈಸೆನ್ಸ್ ಪಡೆದೇ ಅದನ್ನ ಬೆಳೀಬೇಕು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಆ ಗಿಡದ ಉಳಿದ ಭಾಗಗಳನ್ನೆಲ್ಲ ಹಿಡಿದು ಬೀಜವನ್ನು ಮಾತ್ರ ಬಿಟ್ಟಿದೆ. ಹಂಗಾಗಿ ನಮ್ಮ ಕಿರಾಣಿ ಅಂಗಡೀಲಿ ಅದು ಬರೀ ಅಡುಗೆ ಸಾಮಾನು. ಅಲ್ಲಿಯ ಕಾನೂನು ಬೀಜವನ್ನೂ ಬಿಟ್ಟಿಲ್ಲ. "ನಮ್ಮೂರಾಗ ದಿನಾ ತಿಂತೀವ್ರಿ" ಅಂದರೆ ಅಲ್ಲಿ ಕೇಳೋರಿಲ್ಲ.

ಕಾನೂನು ತಿಳ್ಕೊಳ್ಳೋದು ಫೋನಿನಲ್ಲಿ ಹತ್ತು ನಿಮಿಷದ ಕೆಲಸ. ಕಷ್ಟ ಬರೋದು ಡಬ್ಬಿ ಹಿಡ್ಕೊಂಡು ಬಾಗಿಲಿಗೆ ಬಂದವರ ಮುಂದೆ. ನನ್ನ ಸೋದರತ್ತಿ ಮಗ ಅಣ್ಣಿಗೇರಿಯಿಂದ ದುಬೈ ಕೆಲಸಕ್ಕೆ ಹೊರಟ ಹಿಂದಿನ ದಿನ ಓಣಿಯ ದೊಡ್ಡವ್ವ ಬಂದಳು.

"ತಮ್ಮಾ, ನನ್ನ ಮಗಾನೂ ಅಲ್ಲೇ ಅದಾನ. ಇದೊಂದು ಡಬ್ಬಿ ಮುಟ್ಟಿಸಿಬಿಡಪಾ."

"ದೊಡ್ಡವ್ವಾ, ಇದರಾಗ ಗಸಗಸಿ ಹಾಕೀ ಏನು?" ಅಂತ ನಾನೇ ಕೇಳಿದೆ.

"ಗಸಗಸಿ ಇಲ್ಲದ್ದು ಅದೆಂಥ ಕರ್ಚಿಕಾಯಿ?"

ಅವಳ ಮುಖ ಸಣ್ಣದಾಯಿತು. ನನ್ನ ಕೈಯಡಿಗೆಯ ಮೇಲೆ ಸಂಶಯವೇ ಅಂದಂಗೆ ನೋಡಿದಳು. ಕೊನೆಗೆ ಅವಳ ಮಗನಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ವಿ. "ಯವ್ವಾ, ಅದನ್ನ ಕಳಿಸಬ್ಯಾಡ. ತಂದಾಂವನ್ನ ಹಿಡೀತಾರ" ಅಂದ. ಆಮೇಲೆ ಒಪ್ಪಿದಳು. ರಾತ್ರಿ ಪುಟಾಣಿ, ಕೊಬ್ಬರಿ, ಎಳ್ಳು ಅಷ್ಟೇ ಹಾಕಿ ಮತ್ತೊಂದು ಡಬ್ಬಿ ಮಾಡಿ ತಂದಳು. ಅದನ್ನೂ ಬಿಚ್ಚಿ ನೋಡಿಯೇ ಬ್ಯಾಗಿಗೆ ಹಾಕಿದ್ವಿ. ಅವಳು ಏನೂ ಅನ್ನಲಿಲ್ಲ. ಬೇರೆಯವರ ಡಬ್ಬಿಯಾದರೂ ಬ್ಯಾಗು ಯಾರದೋ ಮೊದಲು ಉತ್ತರ ಕೊಡಬೇಕಾದವರು ಅವರೇ.

ಮಗಳ ಬಾಣಂತನಕ್ಕೆ ಗಲ್ಫಿಗೆ ಹೋಗುವ ಅವ್ವಂದಿರ ಬ್ಯಾಗನ್ನು ಇನ್ನೂ ಹುಷಾರಾಗಿ ನೋಡ್ರಿ. ಅಂಟಿನುಂಡಿ ಇಲ್ಲದೆ ಅವರು ಮನೆ ಬಿಡೋದಿಲ್ಲ. ಅಪ್ಪನ ಎಲಿ-ಅಡಿಕಿ ಚೀಲವನ್ನೂ ನೋಡ್ರಿ, ವೀಳ್ಯದೆಲೆ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಕೋಡೀನ್ ಇರುವ ಕೆಮ್ಮಿನ ಔಷಧ, ಟ್ರಾಮಡಾಲ್ ನೋವಿನ ಗುಳಿಗೆ ಇದ್ದರೆ ಯುಎಇ ಸರ್ಕಾರದಿಂದ ಮೊದಲೇ ಅನುಮತಿ ತಗೋಬೇಕು. ಡಾಕ್ಟರ ಚೀಟಿಯೂ ಜೊತೆಗಿರಲಿ.

ಆಸ್ಟ್ರೇಲಿಯಾದ ಕಥಿ ಬೇರೆ. ಅಲ್ಲಿ ಪೆಚ್ಚಿಗೆ ಬೀಳೋದು ನಮ್ಮ ಧಾರವಾಡ ಪೇಡೆ. ಹಾಲಿನ ಸಿಹಿ ಅಂದರೆ ಕಾಲುಬಾಯಿ ಬ್ಯಾನಿ ಭಯ. ಎತ್ತು, ಎಮ್ಮಿ ಕಟ್ಟಿದ ಕುಂದಗೋಳದ ಮನಿಯವರಿಗೆ ಆ ಬ್ಯಾನಿ ಏನು ಮಾಡ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1872ರಿಂದ ಈಚೆಗೆ ಅದು ಆಸ್ಟ್ರೇಲಿಯಾಕ್ಕೆ ಕಾಲಿಟ್ಟಿಲ್ಲ, ಇಡೋದಕ್ಕೆ ಅವರು ಬಿಡೋದೂ ಇಲ್ಲ. ಯುರೋಪಿನ ಒಕ್ಕೂಟದ ದೇಶಗಳೂ ಹೊರಗಿನಿಂದ ಬರುವವರ ಬ್ಯಾಗಿನ ಹಾಲು, ಮಾಂಸದ ಪದಾರ್ಥ ತಡೀತಾವೆ.

ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ತಿನ್ನೋ ಸಾಮಾನು ಅದೆ ಅಂತ ಬರೆದರೆ ಹೆಚ್ಚೆಂದರೆ ಪೇಡೆ ಕಸದ ಡಬ್ಬಿ ಸೇರ್ತದೆ. ಇಲ್ಲ ಅಂತ ಬರೆದು ಸಿಕ್ಕರೆ ಅಲ್ಲೇ ದಂಡ, ವೀಸಾ ರದ್ದಾದರೂ ಆದೀತು. ಕಲಘಟಗಿಯ ಬಣ್ಣದ ತೊಟ್ಟಿಲು ಒಯ್ಯೋದಿದ್ದರೆ ಅದನ್ನೂ ಬರೀರಿ. ಕಟ್ಟಿಗೆಯೊಳಗೆ ಹುಳ ಅದೆಯೋ ಅಂತ ನೋಡ್ತಾರೆ. ಏನಾದರೂ ಊರಿಂದು ಕಾಣಿಕೆ ಕೊಡಲೇಬೇಕು ಅಂದರೆ ನವಲಗುಂದದ ಜಮಖಾನ ಒಯ್ಯಿರಿ. ತೂಕ ಸ್ವಲ್ಪ ಜಾಸ್ತಿ ಅಷ್ಟೇ.