ಪಟ್ಟಿಯಲ್ಲಿಲ್ಲದ ಗಣಕಯಂತ್ರ

ಒಂದೇ ಮನೆಯ ಎರಡು ಕೋಣೆಗಳಲ್ಲಿ ಎರಡು ಗಣಕಯಂತ್ರಗಳಿವೆಯೆಂದು ಭಾವಿಸೋಣ. ಎರಡಕ್ಕೂ ಅಂತರಜಾಲದ ಸಂಪರ್ಕವುಂಟು. ಸಾವಿರಾರು ಮೈಲಿ ದೂರದ ಚಿತ್ರಗಳು ಎರಡರ ತೆರೆಯ ಮೇಲೂ ಕ್ಷಣಮಾತ್ರದಲ್ಲಿ ಮೂಡುತ್ತವೆ. ಆದರೆ ಗೋಡೆಯಾಚೆಯ ಯಂತ್ರದಲ್ಲಿರುವ ಪ್ರಯೋಗವರದಿಯೊಂದನ್ನು ಈಚೆಗೆ ತರಹೊರಟರೆ, ಅಂತಹ ಯಂತ್ರವೊಂದು ಇದೆಯೆಂಬುದನ್ನೇ ಈಚೆಯದು ಒಪ್ಪುವುದಿಲ್ಲ. ಆಗ ತಿಳಿದವರೆನಿಸಿಕೊಂಡವರು ಕೊಡುವ ಸಲಹೆ ಸಾಮಾನ್ಯವಾಗಿ ಎರಡು: ಫೈರ್‌ವಾಲ್ ಎಂಬ ಕಾವಲನ್ನು ತೆಗೆದುಹಾಕಿ, ‘ಎಸ್‌ಎಂಬಿ 1’ ಎಂಬ ಹಳೆಯ ಸೌಕರ್ಯವನ್ನು ಮತ್ತೆ ಚಾಲನೆಗೆ ತನ್ನಿ. ಈ ಎರಡು ಸಲಹೆಗಳೂ ಅಪಾಯಕರವೆಂದೂ, ರೋಗವನ್ನು ಅರಿಯುವ ಮೊದಲೇ ಮದ್ದನ್ನು ಕೊಡುವುದರಿಂದ ಅವೈಜ್ಞಾನಿಕವೆಂದೂ ನಾವು ಭಾವಿಸುತ್ತೇವೆ.

‘ಕಾಣುವುದಿಲ್ಲ’ ಎಂಬ ಮಾತಿನಲ್ಲಿಯೇ ತೊಡಕಿದೆ. ವಿಂಡೋಸ್ ಯಂತ್ರದಲ್ಲಿ ‘ನೆಟ್‌ವರ್ಕ್’ ಎಂಬಲ್ಲಿ ಒತ್ತಿದರೆ ನೆರೆಯ ಯಂತ್ರಗಳ ಹೆಸರುಗಳ ಪಟ್ಟಿಯೊಂದು ತೆರೆಯುತ್ತದೆ. ಇದು ತರಗತಿಯ ಹಾಜರಿಯಿದ್ದಂತೆ. ಹೆಸರು ಕರೆದಾಗ ಓಗೊಡದ ವಿದ್ಯಾರ್ಥಿಯು ಗೈರುಹಾಜರಾಗಿರಬಹುದು. ಅಥವಾ ಹಿಂದಿನ ಬೆಂಚಿನಲ್ಲಿ ಕುಳಿತೇ ಸುಮ್ಮನಿದ್ದಿರಬಹುದು. ಯಂತ್ರವು ಪಟ್ಟಿಯಲ್ಲಿಲ್ಲದಿರುವುದು ಒಂದು ಸಂಗತಿ, ಅದನ್ನು ತಲುಪಲಾಗದಿರುವುದು ಮತ್ತೊಂದು.

ಹಿಂದೆ ವಿಂಡೋಸ್ ಯಂತ್ರಗಳು ತಮ್ಮೊಳಗೇ ಒಂದನ್ನು ಚುನಾಯಿಸಿ, ಈ ಪಟ್ಟಿಯನ್ನಿಡುವ ಕೆಲಸವನ್ನು ಅದಕ್ಕೆ ಒಪ್ಪಿಸುತ್ತಿದ್ದುವು. ಈ ಏರ್ಪಾಡು ಎಸ್‌ಎಂಬಿ 1ನ್ನು ಅವಲಂಬಿಸಿತ್ತು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ಕ್ರಮವಿಧಿಯು ವಿಂಡೋಸಿನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕವೇ ಯಂತ್ರದಿಂದ ಯಂತ್ರಕ್ಕೆ, ಯಾರೂ ಏನನ್ನೂ ಒತ್ತದೆ, ತಾನೇ ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಗೊತ್ತುಪಡಿಸಿದ್ದ ಚಿಕಿತ್ಸೆಗಳು ನಿಂತುಹೋದುವು. ಮೈಕ್ರೋಸಾಫ್ಟ್ ಸಂಸ್ಥೆಯು ಆ ದೋಷಕ್ಕೆ ಮಾರ್ಚ್ ತಿಂಗಳಿನಲ್ಲೇ ಪರಿಹಾರವನ್ನು ಹೊರಡಿಸಿತ್ತು, ಅಳವಡಿಸಿಕೊಳ್ಳದವರು ಬಹುಮಂದಿ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೊದಲ್ಗೊಂಡು ಎಸ್‌ಎಂಬಿ 1ನ್ನು ಬದಿಗೊತ್ತಲಾಯಿತು. ಅದರೊಡನೆ ಹಳೆಯ ಹಾಜರಿ ಪುಸ್ತಕವೂ ಹೋಯಿತು. ಎಷ್ಟೋ ಮನೆಗಳಲ್ಲಿ ತಂತಿಯೂ ಯಂತ್ರವೂ ಸರಿಯಾಗಿದ್ದರೂ ಹೆಸರುಗಳು ಮಾಯವಾದುವು. ಈಗಿನ ಪದ್ಧತಿಯಲ್ಲಿ ಪ್ರತಿಯೊಂದು ಯಂತ್ರವೂ ತನ್ನ ಹೆಸರನ್ನು ತಾನೇ ಸಾರಬೇಕು. ಸಾರುವ ಕೆಲಸ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬ ಉದ್ದನೆಯ ಹೆಸರಿನ ಸೇವೆಯದು. ಅದು ನಿಂತಿದ್ದರೆ ಯಂತ್ರವು ಮೌನವಾಗಿರುತ್ತದೆ. ಅದನ್ನು ಚಾಲನೆಗೆ ತಂದರೆ ಸಾಕು. ಅದಕ್ಕಾಗಿ ವಾನಾಕ್ರೈ ನುಗ್ಗಿದ ಬಾಗಿಲನ್ನು ತೆರೆಯುವ ಅಗತ್ಯವಿಲ್ಲ.

ಹಾಗಾದರೆ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು? ಪಟ್ಟಿಯನ್ನು ಬಿಟ್ಟು ವಿಳಾಸದಿಂದ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ ಎಂದು ಕೊಟ್ಟರೆ ಯಂತ್ರದ ಐಪಿ ವಿಳಾಸ ದೊರೆಯುತ್ತದೆ. ಎರಡು ಯಂತ್ರಗಳ ವಿಳಾಸಗಳನ್ನೂ ಕಾಗದದ ಮೇಲೆ ಬರೆದುಕೊಂಡು ಹೋಲಿಸಿ ನೋಡಬೇಕು. ವಿಳಾಸವು 169.254 ಎಂದು ಮೊದಲಾದರೆ ಆ ಯಂತ್ರಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ, ಅದು ತಾನಾಗಿ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಒಂದರ ವಿಳಾಸ 192.168.1.5 ಎಂದೂ ಇನ್ನೊಂದರದು 192.168.0.12 ಎಂದೂ ಇತ್ತು. ಕಾರಣ ಸರಳ: ಸಂಪರ್ಕ ಕೊಟ್ಟವರು ಇಟ್ಟುಹೋದ ಮೋಡೆಮ್ಮಿಗೆ ಮನೆಯವರು ತಾವು ಕೊಂಡ ವೈ-ಫೈ ರೂಟರನ್ನು ಜೋಡಿಸಿದ್ದರು. ಒಂದು ಜಾಲದ ಹೊಟ್ಟೆಯಲ್ಲಿ ಇನ್ನೊಂದು ಜಾಲ! ಇಂತಹ ಮನೆಗಳು ಈಗ ನಮ್ಮಲ್ಲಿ ಅಪರೂಪವಲ್ಲ. ಇಲ್ಲಿ ಕುತೂಹಲಕರವಾದ ಅಸಮತೆಯೊಂದುಂಟು. ಒಳಜಾಲದ ಯಂತ್ರವು ಹೊರಜಾಲದ್ದನ್ನು ತಲುಪಬಲ್ಲುದು. ಹೊರಗಿನದು ಒಳಗಿನದನ್ನು ತಲುಪಲಾರದು. ಹೆಸರು ಸಾರುವ ಸಂದೇಶವಾದರೋ ರೂಟರಿನ ಗಡಿಯನ್ನು ಯಾವ ಕಡೆಗೂ ದಾಟುವುದಿಲ್ಲ. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಆಗಿ ಮಾರ್ಪಡಿಸಿದೊಡನೆ ಎರಡು ಜಾಲಗಳು ಒಂದಾದುವು. ಆ ಹುಡುಗನು ಅದಕ್ಕೆ ಮುನ್ನ ಎರಡು ದಿನ ಫೈರ್‌ವಾಲನ್ನು ತೆಗೆದಿಟ್ಟಿದ್ದನೆಂಬುದನ್ನೂ ಹೇಳಬೇಕು. ಅದರಿಂದ ಆದ ಪ್ರಯೋಜನ ಸೊನ್ನೆ.

ವಿಳಾಸಗಳು ಒಂದೇ ಜಾಲದವಾಗಿದ್ದರೆ ಪಿಂಗ್ ಮಾಡಿ ನೋಡಬಹುದು. 1983ರಲ್ಲಿ ಮೈಕ್ ಮೂಸ್ ಎಂಬಾತನು ರಚಿಸಿದ ಈ ಪುಟ್ಟ ಸಾಧನವು ಒಂದು ಸಂದೇಶವನ್ನು ಕಳುಹಿಸಿ ಪ್ರತಿಧ್ವನಿಗಾಗಿ ಕಾಯುತ್ತದೆ. ಉತ್ತರ ಬಂದರೆ ಹಾದಿ ಇದೆಯೆಂಬುದು ಸಿದ್ಧ. ಉತ್ತರ ಬಾರದಿದ್ದರೆ ಹಾದಿ ಇಲ್ಲವೆಂಬುದು ಮಾತ್ರ ಸಿದ್ಧವಾಗದು, ಏಕೆಂದರೆ ಫೈರ್‌ವಾಲ್ ಪಿಂಗಿಗೆ ಉತ್ತರಿಸದಂತೆ ತಡೆದಿರಬಹುದು. ಈ ತರ್ಕವನ್ನು ಪ್ರಯೋಗಶಾಲೆಯಲ್ಲಿ ಒಪ್ಪುವ ವಿದ್ಯಾರ್ಥಿಗಳು ಮನೆಯಲ್ಲಿ ಮರೆಯುವುದು ವಿಚಿತ್ರ! ಅನಂತರ ಫೈಲುಗಳ ಕಿಟಕಿಯ ವಿಳಾಸಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆಗಳನ್ನು ಹಾಕಿ ಆ ಸಂಖ್ಯೆಯನ್ನೇ ಬರೆಯಬೇಕು. ಹಂಚಿದ ಕಡತಗಳು ತೆರೆದರೆ ದೋಷವು ಹೆಸರಿನದು ಮಾತ್ರ. ಗುಪ್ತಪದವನ್ನು ಕೇಳಿದರೆ ಸಂತೋಷಪಡಬೇಕು. ಹಾದಿ ಸರಿಯಿದೆ, ಉಳಿದಿರುವುದು ಅನುಮತಿಯ ಪ್ರಶ್ನೆ. ಇಲ್ಲಿ ಅನೇಕರು ಯಂತ್ರವನ್ನು ತೆರೆಯಲು ಬಳಸುವ ನಾಲ್ಕಂಕಿಯ ಪಿನ್ನನ್ನು ಕೊಟ್ಟು ಸೋಲುತ್ತಾರೆ. ಪಿನ್ನು ಆ ಒಂದು ಯಂತ್ರದ ಮುಂದೆ ಕುಳಿತವರಿಗಷ್ಟೇ ಸಲ್ಲುತ್ತದೆ. ಜಾಲದ ಮೂಲಕ ಬರುವವರು ಖಾತೆಯ ಗುಪ್ತಪದವನ್ನೇ ಕೊಡಬೇಕು.

ಫೈರ್‌ವಾಲ್ ಅಡ್ಡವಾಗಿರುವ ಸಂದರ್ಭಗಳೂ ಇಲ್ಲದಿಲ್ಲ. ಅದಕ್ಕೂ ಕಾವಲುಗಾರನನ್ನು ಮನೆಗೆ ಕಳುಹಿಸಬೇಕಾಗಿಲ್ಲ, ನೆರೆಯವರ ಗುರುತು ಹೇಳಿಕೊಟ್ಟರಾಯಿತು. ವಿಂಡೋಸ್ ಪ್ರತಿಯೊಂದು ಜಾಲವನ್ನೂ ‘ಸಾರ್ವಜನಿಕ’ ಅಥವಾ ‘ಖಾಸಗಿ’ ಎಂದು ವಿಂಗಡಿಸುತ್ತದೆ. ಮನೆಯ ಜಾಲವನ್ನು ಖಾಸಗಿಯೆಂದು ಗುರುತಿಸಿ, ಜಾಲಶೋಧನೆಗೂ ಕಡತಗಳ ಹಂಚಿಕೆಗೂ ಅಲ್ಲಿ ಅನುಮತಿ ಕೊಟ್ಟರೆ ಸಾಕು; ರೈಲುನಿಲ್ದಾಣದ ವೈ-ಫೈಯಲ್ಲಿ ಅದೇ ಯಂತ್ರವು ಮೊದಲಿನಂತೆ ಬಾಗಿಲು ಮುಚ್ಚಿಯೇ ಇರುತ್ತದೆ. ಎಸ್‌ಎಂಬಿ 1ನ್ನು ಬಿಟ್ಟು ಬೇರೆ ಯಾವುದನ್ನೂ ಅರಿಯದ ಹಳೆಯ ಸಂಗ್ರಹಪೆಟ್ಟಿಗೆಗಳು ಕೆಲವರಲ್ಲಿವೆ. ಅವುಗಳಿಗೆ ನಿವೃತ್ತಿ ಕೊಡುವುದೇ ಲೇಸೆಂದು ನಮ್ಮ ಅಭಿಪ್ರಾಯ, ಖರ್ಚಾದರೂ ಚಿಂತೆಯಿಲ್ಲ.

ಇನ್ನು ಅತಿಥಿಗಳಿಗೆಂದು ಇರುವ ವೈ-ಫೈಯಲ್ಲಿಯೂ ಅನೇಕ ವಿದ್ಯಾರ್ಥಿನಿಲಯಗಳ ಜಾಲದಲ್ಲಿಯೂ ಯಂತ್ರಗಳು ಒಂದನ್ನೊಂದು ಕಾಣದಂತೆ ಬೇಕೆಂದೇ ಪ್ರತ್ಯೇಕಿಸಿರುತ್ತಾರೆ. ಒಬ್ಬನ ಯಂತ್ರಕ್ಕೆ ಹತ್ತಿದ ಸೋಂಕು ನೂರಾರು ಮಂದಿಗೆ ಹಬ್ಬಬಾರದೆಂದು ಮಾಡಿದ ಏರ್ಪಾಡು ಅದು. ಅಲ್ಲಿ ಹುಡುಕಬೇಕಾದ ದೋಷವೇ ಇಲ್ಲ. ವರದಿಯನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಪಕ್ಕದ ಕೋಣೆಗೆ ನಡೆದುಹೋಗಬಹುದು.