ಊಟದ ಬೆಳಕು, ಕುಣಿತದ ಬೆಳಕು

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1902ರಲ್ಲಿಯೇ, ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 90 ಮೈಲಿಗೂ ಮಿಕ್ಕಿದ ದಾರಿಯನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಅದು ಬಂದದ್ದು ಗಣಿಯ ಯಂತ್ರಗಳಿಗಾಗಿ. ಆದರೆ ವಿದ್ಯುತ್ತು ಕಾಲಿಟ್ಟ ಊರಿನಲ್ಲಿ ವಿನೋದಕ್ಕೆ ದೀಪವಿಲ್ಲದೆ ಇದ್ದೀತೆ? ಜಾನ್ ಟೇಲರ್ ಕಂಪೆನಿಯ ಕಾಲದಲ್ಲಿ ಕೆ.ಜಿ.ಎಫ್. ಕ್ಲಬ್ಬು ದೊರೆಗಳ ಊಟಕ್ಕೂ ನೃತ್ಯಕ್ಕೂ ಒಂದೇ ಆಶ್ರಯವಾಗಿತ್ತು. ಕ್ರಿಸ್ಮಸ್ ಬಂತೆಂದರೆ ಅಲ್ಲಿ ಸಡಗರವೋ ಸಡಗರ.

ಉಣ್ಣುವುದಕ್ಕೂ ಕುಣಿಯುವುದಕ್ಕೂ ಒಂದೇ ಸೂರು ಎಂಬ ಪದ್ಧತಿ ಈಗ ದೊರೆಗಳ ಸ್ವತ್ತಲ್ಲ. ಸಂಜೆ ಸಂಸಾರಸ್ಥರ ಭೋಜನಶಾಲೆ, ರಾತ್ರಿ ತರುಣರ ನರ್ತನಶಾಲೆ ಎಂಬಂಥ ಮಂದಿರಗಳು ಬೆಂಗಳೂರಿನಲ್ಲಿ ಅನೇಕ. ಅವುಗಳ ಯಜಮಾನನಿಗೆ ಅಡಿಗೆಯವನಷ್ಟೇ ಮುಖ್ಯನಾದವನು ದೀಪ ಜೋಡಿಸುವವನು. ಒಂದೇ ಕೋಣೆಗೆ ಎರಡು ವೇಷ ಹಾಕಿಸುವುದು ಅವನ ಕೆಲಸ.

ಊಟದ ವೇಷ ಮೊದಲನೆಯದು. ವಸ್ತುವಿನ ಬಣ್ಣ ವಸ್ತುವಿನಲ್ಲಿ ಮಾತ್ರ ಇರುವುದಲ್ಲ. ಬೀಳುವ ಬೆಳಕಿನಲ್ಲಿ ಆ ಬಣ್ಣವಿದ್ದರೆ ತಾನೇ ಅದು ಕಣ್ಣಿಗೆ ಮರಳುವುದು? ನೀಲಿ ದೀಪದಡಿ ಟೊಮ್ಯಾಟೊ ಸಾರು ಕಪ್ಪು ಕಷಾಯದಂತೆ ತೋರುತ್ತದೆ. ಬಂಗಾರಪೇಟೆಯ ಪಾನಿಪೂರಿಯ ನೀರು ಬಣ್ಣವಿಲ್ಲದೆ ತಿಳಿಯಾಗಿರುವುದಕ್ಕೇ ಹೆಸರಾದದ್ದು. ಕೆಂಪು ದೀಪದ ಕೆಳಗಿಟ್ಟರೆ ಆ ಕೀರ್ತಿ ಅಲ್ಲಿಗೇ ಮುಗಿಯಿತು. ಆದುದರಿಂದ ಊಟದ ಮೇಜಿಗೆ ಎಲ್ಲ ಬಣ್ಣಗಳನ್ನೂ ಒಳಗೊಂಡ, ತುಸು ಹಳದಿಗೆ ವಾಲಿದ ಬೆಚ್ಚನೆಯ ಬೆಳಕು ಬೇಕು. ಬೆಳಕಿನ ವರ್ಣವನ್ನು ಅಳೆಯುವವರ ಭಾಷೆಯಲ್ಲಿ ಇದು ಸುಮಾರು 2700 ಕೆಲ್ವಿನ್. ದೀಪವನ್ನು ಮರೆಯಿಟ್ಟು ತಗ್ಗಿನಲ್ಲಿ ತೂಗಬಿಟ್ಟರೆ ಬೆಳಕು ಎಲೆಯ ಮೇಲೆ ಬೀಳುತ್ತದೆ, ಕಣ್ಣನ್ನು ಕುಕ್ಕುವುದಿಲ್ಲ.

ಎರಡನೆಯ ವೇಷಕ್ಕೆ ತಿರುಗುವಾಗ ಅವಸರ ಸಲ್ಲದು. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಬಲ್ಲವರು ಮೇಜಿನ ದೀಪ, ಗೋಡೆಯ ದೀಪ, ಕುಣಿತದ ಅಂಗಳದ ದೀಪಗಳಿಗೆ ಬೇರೆ ಬೇರೆ ತಂತಿ ಎಳೆದು, ಒಂದೊಂದನ್ನೇ ಅತಿಥಿಗಳ ಅರಿವಿಗೆ ಬಾರದಂತೆ ತಗ್ಗಿಸುತ್ತಾರೆ. ಹಳೆಯ ತಂತಿಯ ಬಲ್ಬು ತಗ್ಗಿದಂತೆಲ್ಲ ಕೆಂಪೇರುತ್ತಿತ್ತು, ಸಂಧ್ಯೆಯ ಹಾಗೆ. ಇಂದಿನ ಸಾಮಾನ್ಯ ಎಲ್‌ಇಡಿ ದೀಪ ಮಂಕಾಗುವುದೇ ಹೊರತು ಬಣ್ಣ ಬದಲಿಸುವುದಿಲ್ಲ. ಆ ಗುಣ ಬೇಕಿದ್ದರೆ ಅದಕ್ಕೆಂದೇ ತಯಾರಾದುದನ್ನು ಕೊಳ್ಳಬೇಕು. ಪಟಪಟನೆ ಮಿಂಚುವ ದೀಪಗಳಿಗೂ ಮಿತಿಯುಂಟು. ವೇಗ ಹೆಚ್ಚಾದರೆ, ಬೆಳಕಿನಿಂದ ಮೂರ್ಛೆ ಬರುವ ಸ್ವಭಾವದವರಿಗೆ ಅಪಾಯ.

ಇಷ್ಟು ಸಾಧಿಸಿದವನು ಕುಶಲಿಯೇ ಸರಿ. ಆದರೆ ಅಂಥ ಮಂದಿರಕ್ಕೆ ಮೂರನೆಯದೊಂದು ಬೆಳಕು ಬೇಕು. ಅದನ್ನು ಮರೆತ ಊರುಗಳು ತೆತ್ತ ಬೆಲೆ ದೊಡ್ಡದು.

1942ರ ನವೆಂಬರ್ 28ರ ರಾತ್ರಿ. ಅಮೆರಿಕದ ಬೋಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ಭೋಜನ-ನರ್ತನ ಮಂದಿರದಲ್ಲಿ ಕಾಲಿಡಲು ಇಂಬಿಲ್ಲದಷ್ಟು ಜನ. ನೆಲಮಾಳಿಗೆಯಲ್ಲಿ ಅತಿಥಿಯೊಬ್ಬನು ಏಕಾಂತ ಬಯಸಿ ಕೃತಕ ತಾಳೆಮರದ ಬಳಿಯ ಬಲ್ಬನ್ನು ತಿರುಚಿ ಆರಿಸಿದ. ಅದನ್ನು ಮತ್ತೆ ಹಾಕಬೇಕೆಂದು ಪರಿಚಾರಕ ಹುಡುಗನೊಬ್ಬ ಕತ್ತಲೆಯಲ್ಲಿ ಬೆಂಕಿಕಡ್ಡಿ ಗೀರಿದ. ಕಡ್ಡಿಯೇ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲೇ ಅಲಂಕಾರಕ್ಕೆ ಉರಿ ಹತ್ತಿತು, ದೀಪಗಳು ನಂದಿದವು. ಮುಂಬಾಗಿಲಿನ ತಿರುಗುಬಾಗಿಲು ಜನರ ನೂಕಿಗೆ ಸಿಕ್ಕಿಕೊಂಡಿತು. ಉಳಿದ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ. ಸತ್ತವರು 492 ಮಂದಿ. ನಮ್ಮ ದೇಶದಲ್ಲಿಯೂ 2017ರ ಡಿಸೆಂಬರಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಿನ ಪಾನಮಂದಿರಕ್ಕೆ ಬೆಂಕಿ ಬಿದ್ದು 14 ಜನ ಅಸುನೀಗಿದರು.

ಮೂರನೆಯ ಬೆಳಕೆಂದರೆ ಹೊರದಾರಿಯ ಬೆಳಕು. ಅದಕ್ಕೆ ಅಲಂಕಾರ ಬೇಡ, ಬಣ್ಣ ಬದಲಿಸುವ ಹಂಗು ಬೇಡ. ಊಟಕ್ಕೂ ಕುಣಿತಕ್ಕೂ ಅದು ಒಂದೇ ಸಮನೆ ಉರಿಯಬೇಕು. ಊರಿನ ವಿದ್ಯುತ್ತು ಕೈಕೊಟ್ಟರೂ ತನ್ನ ಬ್ಯಾಟರಿಯಿಂದ ತಾನು ಬೆಳಗಬೇಕು. ರಸಭಂಗವಾಗುತ್ತದೆಂದು ಅದಕ್ಕೆ ಪರದೆ ಕಟ್ಟುವ ಯಜಮಾನರುಂಟು. ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದಕ್ಕೇ.

ಈ ಮಾತನ್ನು ಗಣಿಯ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ದುಡಿದವನಿಗೆ ತಲೆಯ ಮೇಲಿನ ದೀಪವೇ ಕಣ್ಣು. ಅಗೆಯಲಿಕ್ಕೂ ಅದೇ, ಹಿಂದಿರುಗಲಿಕ್ಕೂ ಅದೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆದರೂ ಬೆಳಕಿನ ಮೊದಲ ಕರ್ತವ್ಯ ಮನುಷ್ಯನನ್ನು ಮನೆಗೆ ಮುಟ್ಟಿಸುವುದು ಎಂಬ ಆ ಪಾಠ ಮುಚ್ಚಿಹೋಗಬೇಕಾಗಿಲ್ಲ.

ಹೊಸ ಮಂದಿರ ತೆರೆಯುವ ಯಜಮಾನನು ಪ್ರಾರಂಭೋತ್ಸವದ ಹಿಂದಿನ ರಾತ್ರಿ ಒಂದು ಪರೀಕ್ಷೆ ಮಾಡಲಿ. ಮುಖ್ಯ ಸ್ವಿಚ್ಚನ್ನು ಆರಿಸಿ, ದೂರದ ಮೂಲೆಯ ಮೇಜಿನಿಂದ ಎದ್ದು, ಬಾಗಿಲವರೆಗೆ ನಡೆದು ನೋಡಲಿ. ಎಲ್ಲಿಯೂ ಎಡವದೆ, ತಡವರಿಸದೆ ಬಯಲಿಗೆ ಬಂದರೆ ಅವನ ದೀಪಗಳು ಸರಿಯಾಗಿವೆ. ಮರುದಿನ ಎಷ್ಟು ಬಣ್ಣ ಬೇಕಾದರೂ ಚೆಲ್ಲಬಹುದು.