ಪರಮತಖಂಡನೆಯೂ ಬಾದಾಮಿಯ ಬೆಟ್ಟವೂ

ಪರಮತಖಂಡನೆಯೇ ಸ್ವಧರ್ಮರಕ್ಷಣೆಯೆಂದು ಬಗೆದು ಜೈನರೊಡನೆ ಪಂಥವೊಡ್ಡಿ, ತನ್ನ ಶಿರಸ್ಸನ್ನೇ ಅರಿದು ಶಿವನಿಗರ್ಪಿಸಿ ಮರಳಿ ಪಡೆದನೆಂದು ಅಬ್ಬಲೂರಿನ ಶಾಸನವು ಬಣ್ಣಿಸುವ ಶಿವಭಕ್ತ ಏಕಾಂತದ ರಾಮಯ್ಯನ ನಿಷ್ಠೆಯು ಅಸಾಮಾನ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಬ್ಬಲೂರಿನ ಸೋಮೇಶ್ವರಾಲಯದಲ್ಲಿ ಜಿನಬಿಂಬವನ್ನು ಭಂಗಿಸುವ ದೃಶ್ಯವೂ ಆ ಕಥೆಯ ಅಂಗವಾಗಿ ಕೆತ್ತಲ್ಪಟ್ಟಿರುವುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. ಅದಕ್ಕೂ ಶತಮಾನಗಳ ಹಿಂದೆ, 578ರಲ್ಲಿ ಚಾಲುಕ್ಯರ ಮಂಗಳೇಶನು ವಿಷ್ಣುಗೃಹವನ್ನು ಕೊರೆಯಿಸಿದ ಬಾದಾಮಿಯ ಬೆಟ್ಟದಲ್ಲಿಯೇ ಶಿವನಿಗೂ ಜಿನನಿಗೂ ಗುಹೆಗಳಾದುವು. ಹುನಗುಂದ ಸೀಮೆಯ ಐಹೊಳೆಯಲ್ಲಿ 634ರಲ್ಲಿ ಮೇಗುತಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯಾದರೋ, ತಾನು ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಪ್ರಸಾದಕ್ಕೆ ಪಾತ್ರನಾದವನೆಂದು ಅದರ ಗೋಡೆಯಲ್ಲಿಯೇ ಬರೆಯಿಸಿದ್ದಾನೆ. ಬಾಗಲಕೋಟೆ, ಇಳಕಲ್ಲಿನ ಶಾಲೆಗಳವರು ಮಕ್ಕಳನ್ನು ಬಾದಾಮಿಗೆ ಕರೆದೊಯ್ದಾಗ, ಮೊದಲನೆಯ ಗುಹೆಯ ನಟರಾಜನ 18 ಕೈಗಳನ್ನೆಣಿಸಿ ಹಿಂದಿರುಗದೆ, ಮೆಟ್ಟಿಲೇರಿ ನಾಲ್ಕನೆಯ ಗುಹೆಯ ತೀರ್ಥಂಕರರ ಮುಂದೆಯೂ ಅವರನ್ನು ನಿಲ್ಲಿಸಿ, ಈ ಸಹಬಾಳ್ವೆಯ ಇತಿಹಾಸವನ್ನು ಸಾವಧಾನವಾಗಿ ತಿಳಿಯಹೇಳಬೇಕು.